ರಾತ್ರಿ 2 ಗಂಟೆಗೆ ಬೇಕಾಗುವ ಪದ್ಯ

ವಯಸ್ಸಾದವರಿಗೆ ದೇವರು ಬೇಕಾಗುವುದು ರಾತ್ರಿ 2 ಗಂಟೆಗೆ. ಬಚ್ಚಲಿಗೆಂದು ಎದ್ದವರಿಗೆ ಮತ್ತೆ ನಿದ್ದೆ ಹತ್ತುವುದಿಲ್ಲ. ಬೆಳಗಾಗುವವರೆಗೆ ಮಾಡಿನ ಪಕ್ಕಾಸು ಎಣಿಸಿಕೊಂಡು ಬಿದ್ದಿರಬೇಕು. ಆ ಹೊತ್ತಿಗೆ ಮೈಕ್ ಇಲ್ಲ, ಪ್ರವಚನ ಇಲ್ಲ. ಮೊಬೈಲಿನಲ್ಲಿ ಭಜನೆ ಹಾಕಿದರೆ ಆಚೆ ಕೋಣೆಯಿಂದ ಮಗ ಕೆಮ್ಮಿ ಸೂಚನೆ ಕೊಡುತ್ತಾನೆ. ತಲೆಯೊಳಗೆ ಮೊದಲೇ ಏನಾದರೂ ಇಟ್ಟುಕೊಂಡಿದ್ದರೆ ಆ ಮೂರು ಗಂಟೆ ಕಳೆಯುತ್ತದೆ. ಇಲ್ಲದಿದ್ದರೆ ಜಾಗದ ತಕರಾರು, ಸೊಸೆಯ ಮಾತು, ಮೊಣಕಾಲು, ಮತ್ತೆ ಜಾಗದ ತಕರಾರು. ಇಷ್ಟು ತಿಳಿಯಲಿಕ್ಕೆ ನಮ್ಮ ಗುಂಪಿಗೆ ಹತ್ತಿರ ಹತ್ತಿರ ಎರಡು ವರ್ಷ ಹಿಡಿಯಿತು, 60 ಸಾವಿರದಷ್ಟು ಹಣವೂ ಹೋಯಿತು.

ನಮ್ಮದು ಕೇರಳದ ಕಾಸರಗೋಡು ಜಿಲ್ಲೆ, ಬದಿಯಡ್ಕದಿಂದ ಪೆರ್ಲಕ್ಕೆ ಹೋಗುವ ಕಡೆಯ ಊರು. ನಾನು ಸಹಕಾರಿ ಬ್ಯಾಂಕಿನಲ್ಲಿ ಮೂವತ್ತು ಚಿಲ್ಲರೆ ವರ್ಷ ಲೆಡ್ಜರ್ ಬರೆದವ. ಲೆಕ್ಕ ಸ್ವಲ್ಪ ಜಾಸ್ತಿ ಬಂದರೆ ಸಹಿಸಿಕೊಳ್ಳಿ. ಆದರೆ ಪುಸ್ತಕ ತೆರೆದು ಬರೆಯುತ್ತಿಲ್ಲ, ನೆನಪಿನಲ್ಲಿದ್ದಷ್ಟು ಹೇಳುತ್ತೇನೆ. ವಯಸ್ಸಾದವರು ಸೇರಿ ಹಳೆ ಕಾವ್ಯದ ಪದ್ಯ ಓದಿ ಬಾಯಿಗೆ ತಂದುಕೊಳ್ಳುವ ನಮ್ಮ ಕೂಟ ನಡೆಯಲಿಕ್ಕಿಲ್ಲ ಎಂದವರೇ ಈಗ ಹೇಗೆ ಮಾಡಿದ್ದು ಅಂತ ಫೋನು ಮಾಡುತ್ತಾರೆ. ಮುಳ್ಳೇರಿಯ, ಬಾಯಾರು, ಕುಂಬಳೆ ಕಡೆಯಿಂದ ಕೇಳಿದ್ದಾರೆ. ಒಬ್ಬೊಬ್ಬರಿಗೂ ಅರ್ಧ ಗಂಟೆ ಹೇಳಿ ಬಾಯಿ ಒಣಗಿತು. ಭಜನಾ ಮಂದಿರ ನಡೆಸಿದವರಿಗೆ, ಪುರಾಣ ಓದಿಸಿದವರಿಗೆ ಬೇಸಿಕ್ ಗೊತ್ತೇ ಉಂಟು. ಅದನ್ನು ಬಿಟ್ಟು ಬರೆಯುತ್ತೇನೆ.

ಮೊದಲು ಮಾಡಿದ್ದು ಎಲ್ಲರೂ ಮಾಡುವುದೇ, ಪ್ರವಚನ. ತಿಂಗಳಿಗೊಂದು. ವಿದ್ವಾಂಸರಿಗೆ ಗೌರವಧನ 3 ಸಾವಿರ, ಕಾರಿನ ಬಾಡಿಗೆ ಬೇರೆ. ಮೈಕಿಗೆ ಸಾವಿರದೈನೂರು. ಕುರ್ಚಿ, ಉಪ್ಪಿಟ್ಟು, ಚಾ. ಒಂದು ಕಾರ್ಯಕ್ರಮ 7-8 ಸಾವಿರಕ್ಕೆ ಕಮ್ಮಿ ಮುಗಿದದ್ದಿಲ್ಲ. ಸ್ವಾಗತ, ಪ್ರಸ್ತಾವನೆ, ಹೂಗುಚ್ಛ ಎಲ್ಲ ಆಗಿ ಪ್ರವಚನ ಶುರುವಾಗುವಾಗ ಮುಂದಿನ ಸಾಲಿನವರ ತಲೆ ಎದೆಗೆ ಬಿದ್ದಿರುತ್ತಿತ್ತು. ವಿದ್ವಾಂಸರ ಮೇಲೆ ದೂರಿಲ್ಲ, ಚೆನ್ನಾಗಿಯೇ ಹೇಳುತ್ತಿದ್ದರು. ಆದರೆ ಮೈಕಿನ ಸ್ವರ ಗೋಡೆಗೆ ಬಡಿದು ವಾಪಸು ಬಂದರೆ ಕಿವಿ ಮಂದ ಆದವರಿಗೆ ಗದ್ದಲ ಮಾತ್ರ ಕೇಳುತ್ತದೆ. ಒಂದು ವಾರ ಕಳೆದು ಏನು ನೆನಪುಂಟು ಅಂತ ಕೇಳಿದೆ. ಉಪ್ಪಿಟ್ಟಿಗೆ ಉಪ್ಪು ಸಾಲಲಿಲ್ಲ ಎಂಬುದು ಮೂರು ಜನರಿಗೆ ನೆನಪಿತ್ತು. ಜೂನ್ ಬಂತು. ಸಭಾಭವನದ್ದು ಶೀಟಿನ ಮಾಡು. ನಮ್ಮ ಮಳೆ ಶೀಟಿನ ಮೇಲೆ ಬೀಳುವುದು ಗೊತ್ತಲ್ವಾ? ವಿದ್ವಾಂಸರ ಬಾಯಿ ಅಲ್ಲಾಡುವುದು ಕಾಣುತ್ತಿತ್ತು, ಅಷ್ಟೇ. ಅಲ್ಲಿಗೆ ಪ್ರವಚನ ನಿಂತಿತು.

ಆಮೇಲೆ ಯಾತ್ರೆ. ಮಧೂರು, ಅನಂತಪುರ ದೇವಸ್ಥಾನ ಎಲ್ಲ ಎಲ್ಲರೂ ನೋಡಿದ್ದೇ. ಆದ್ದರಿಂದ ಕಾಞಂಗಾಡಿನ ಆನಂದಾಶ್ರಮಕ್ಕೆ ಬಸ್ಸು ಮಾಡಿದೆವು. ಡೀಸೆಲ್, ಬಾಡಿಗೆ, ತಿಂಡಿ ಸೇರಿ 12 ಸಾವಿರದ ಹತ್ತಿರ ಆಯಿತು. ಬಸ್ಸಿನ ಮೆಟ್ಟಿಲು ಎತ್ತರ. ಇಬ್ಬರು ಹತ್ತಲಾಗದೆ ವಾಪಸು ಮನೆಗೆ ಹೋದರು. ಉಳಿದವರು ಅಲ್ಲಿ ಕಾಲು ಗಂಟೆ ಕೂತು, ಊಟ ಎಷ್ಟು ಹೊತ್ತಿಗೆ ಅಂತ ಕೇಳಿದರು. ಆದರೂ ಆ 12 ಸಾವಿರ ದಂಡ ಅಂತ ನಾನು ಹೇಳುವುದಿಲ್ಲ. ಸ್ವಾಮಿ ರಾಮದಾಸರು 1931ರಲ್ಲಿ ಕಟ್ಟಿದ ಜಾಗ ಅದು. ಬೆಳಗ್ಗಿನಿಂದ ರಾತ್ರಿವರೆಗೆ ರಾಮನಾಮ ನಡೆಯುತ್ತಾ ಇರುತ್ತದೆ. ಬಂದವರು ಬಂದು ಕೂರುತ್ತಾರೆ, ಹೋಗುವವರು ಎದ್ದು ಹೋಗುತ್ತಾರೆ. ಯಾರೂ ಯಾರನ್ನೂ ಸ್ವಾಗತಿಸುವುದಿಲ್ಲ. ನಾಮ ಹೇಳುವವರ ಸ್ವರ ಅದಕ್ಕಾಗಿ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಸ್ವಾಗತ ಭಾಷಣ, ಧನ್ಯವಾದ ಎರಡನ್ನೂ ನಾನು ಬಿಟ್ಟದ್ದು ಅದನ್ನು ನೋಡಿದ ಮೇಲೆ. ಅದಷ್ಟರಿಂದಲೇ ಮುಕ್ಕಾಲು ಗಂಟೆ ಉಳಿಯಿತು.

ವಾಟ್ಸಾಪ್ ಗುಂಪಿನ ಕಥೆ ನಿಮ್ಮಲ್ಲೂ ಒಂದೇ ಇರಬಹುದು. ಶುಭೋದಯದ ಚಿತ್ರ, ಸಕ್ಕರೆ ಕಾಯಿಲೆಗೆ ಸೊಪ್ಪಿನ ಮದ್ದು, ಆಮೇಲೆ ರಾಜಕೀಯ. ಮುಚ್ಚಿದೆವು.

ದಾರಿ ಕಂಡದ್ದು ಬೀಡಿ ಕಟ್ಟುವ ಒಬ್ಬ ಅಕ್ಕನಿಂದ. ವಯಸ್ಸು ಎಪ್ಪತ್ತೈದರ ಆಸುಪಾಸು. ಮನೆಮಾತು ತುಳು, ಶಾಲೆಗೆ ಹೋದವರಲ್ಲ. ಮಳೆಗಾಲದ ಮಧ್ಯಾಹ್ನ ನಮ್ಮ ಜಗಲಿಯ ಮೂಲೆಯಲ್ಲಿ ಬಂದು ಕೂರುತ್ತಿದ್ದರು, ಅವರ ಮಾಡು ಸೋರುತ್ತಿತ್ತು. ನಾನು ನನ್ನಷ್ಟಕ್ಕೆ ಲಕ್ಷ್ಮೀಶ ಕವಿಯ ಜೈಮಿನಿ ಭಾರತ ಓದಿಕೊಳ್ಳುತ್ತಿದ್ದೆ. ಒಂದು ದಿನ ಚಾ ಕುಡಿಯುತ್ತಿರುವಾಗ ನೋಡಿದೆ. ಮಡಿಲಲ್ಲಿ ತಡಪೆ, ಅಂದರೆ ಮೊರ. ಕತ್ತರಿಸಿದ ಎಲೆಯನ್ನು ಅಂಗೈಗೆ ತೆಗೆದುಕೊಂಡು, ಹೊಗೆಸೊಪ್ಪಿನ ಪುಡಿ ಹರಡಿ, ಸುರುಳಿ ಸುತ್ತಿ, ಬಾಯಿ ಮಡಚಿ, ನೂಲು ಕಟ್ಟುತ್ತಿದ್ದರು. ಒಂದೊಂದು ಕೆಲಸಕ್ಕೂ ಒಂದೊಂದು ತುಂಡು ಪದ್ಯ ಬಾಯಲ್ಲಿ ಬರುತ್ತಿತ್ತು. ನೂಲು ಕಟ್ಟುವಾಗ ಸಾಲು ಮುಗಿಯುತ್ತಿತ್ತು. ಜೈಮಿನಿಯ ಛಂದಸ್ಸು ವಾರ್ಧಕ ಷಟ್ಪದಿ, ಅದರ ಐದೈದು ಮಾತ್ರೆಯ ನಡೆ ಬೆರಳಿಗೆ ಸರಿಯಾಗಿ ಕೂತಿತ್ತು. ಶಬ್ದ ಕೆಲವು ತಪ್ಪು, ನಡೆ ಎಲ್ಲೂ ತಪ್ಪಲಿಲ್ಲ.

"ಅಕ್ಕ, ಇದು ಯಾವಾಗ ಕಲಿತದ್ದು?" ಅಂತ ಕೇಳಿದೆ.

"ಕಲಿಯಲಿಕ್ಕೆ ಎಂತ ಉಂಟು ಅಣ್ಣೇರೇ, ನೀವು ದಿನಾ ಹೇಳ್ತೀರಲ್ಲ" ಅಂದರು. "ರಾತ್ರಿ ಎಚ್ಚರ ಆದರೆ ಹೇಳಿಕೊಳ್ತೇನೆ. ಅರ್ಧಕ್ಕೆ ಮರೆತುಹೋಗ್ತದೆ. ಮರೆತದ್ದು ಹುಡುಕುವಾಗ ಬೆಳಗಾಗ್ತದೆ."

ಎರಡು ವರ್ಷ ನಾವು ಹುಡುಕಿದ ಸಾಧನ ಇದೇ. ಕೇಳಿಸಿಕೊಳ್ಳುವುದರಿಂದ ಏನೂ ಉಳಿಯುವುದಿಲ್ಲ, ಬಾಯಿಗೆ ಬರಬೇಕು. ದಿನಾ ಸ್ವಲ್ಪ, ಅದೇ ಜನ, ಅದೇ ಜಾಗ.

ಗ್ರಂಥ ಯಾವುದು ಅಂತ ದೊಡ್ಡ ಚರ್ಚೆ ಆಯಿತು. ಹೆಚ್ಚಿನವರಿಗೆ ಕುಮಾರವ್ಯಾಸ ಭಾರತ ಬೇಕಿತ್ತು. ಅದರದ್ದು ಭಾಮಿನಿ ಷಟ್ಪದಿ, ಸಾಲು ಚಿಕ್ಕದು, ಉಸಿರಿಗೆ ಸುಲಭ, ಒಪ್ಪಿಕೊಳ್ಳುತ್ತೇನೆ. ಆದರೆ 10 ಪರ್ವ ಮುಗಿಯಲಿಕ್ಕೆ ನಮ್ಮ ನಿಧಾನದಲ್ಲಿ ನಾಲ್ಕೈದು ವರ್ಷ ಬೇಕು. ಶುರುವಿಗೆ ಮುಗಿಯುವಂಥದ್ದು ಇರಬೇಕು ಅಂತ ನನ್ನ ಹಟ. ಜೈಮಿನಿ 34 ಸಂಧಿ (ಅಧ್ಯಾಯ), 1900 ಚಿಲ್ಲರೆ ಪದ್ಯ. ದಿನಕ್ಕೆ ಎಂಟು ಹತ್ತು ಪದ್ಯದಂತೆ ವಾರಕ್ಕೆ ನಾಲ್ಕು ದಿನ ಓದಿದರೆ ವರ್ಷದಲ್ಲಿ ಮುಗಿಯುತ್ತದೆ. ಮದುವೆ, ಸಾವು, ಅಡಿಕೆ ಕೊಯ್ಲು ಎಲ್ಲ ಸೇರಿ ನಮಗೆ ಒಂದೂಕಾಲು ವರ್ಷ ಹಿಡಿಯಿತು.

ತೊಂದರೆ ಆದದ್ದು ಉಸಿರಿನಲ್ಲಿ. ವಾರ್ಧಕದ ಸಾಲಿಗೆ 20 ಮಾತ್ರೆ. ಅಸ್ತಮಾ ಇದ್ದವರಿಗೆ ಒಂದೇ ಉಸಿರಿಗೆ ಆಗುವುದಿಲ್ಲ. ಮೂರನೇ ಸಾಲು, ಆರನೇ ಸಾಲು ಮತ್ತೂ ಉದ್ದ. ಅದಕ್ಕೆ ಸಾಲನ್ನು ಹತ್ತು ಹತ್ತು ಮಾತ್ರೆಗೆ ಮುರಿದೆ. ಅರ್ಧ ಒಬ್ಬರು, ಅರ್ಧ ಪಕ್ಕದವರು. ಉದ್ದದ ಸಾಲಿಗೆ ಮೂರು ತುಂಡು. ಶಬ್ದ ಮಧ್ಯದಲ್ಲಿ ತುಂಡಾದರೆ ಆಗಲಿ. ಗಮಕ ಕಲಿತ ಒಬ್ಬರು ಬಂದು ಕೇಳಿ ಮುಖ ಹುಳಿ ಮಾಡಿಕೊಂಡು ಹೋದರು. ರಾಗ ಇಲ್ಲ, ಪದ ಕಡಿಯುತ್ತೀರಿ, ಇದೆಂಥ ವಾಚನ ಅಂದರು. ಅವರು ಹೇಳಿದ್ದು ಸರಿಯೇ. ನಮಗೆ ವೇದಿಕೆ ಇಲ್ಲ ಅಂದೆ, ಅವರಿಗೆ ಸಮಾಧಾನ ಆಗಲಿಲ್ಲ.

ಶುರುವಿಗೆ ಹಾಳೆಗೆ ಖರ್ಚಾದಷ್ಟು ಬೇರೆ ಯಾವುದಕ್ಕೂ ಆಗಲಿಲ್ಲ. ಪೇಟೆಯಲ್ಲಿ ಸಿಗುವ ಪುಸ್ತಕದ ಅಕ್ಷರ ನಮಗೆ ಇರುವೆ ಸಾಲು. ಝೆರಾಕ್ಸ್‌ನಲ್ಲಿ ದೊಡ್ಡದು ಮಾಡಿದರೆ ಅಕ್ಷರದ ಒತ್ತು ಮಸುಕಾಗುತ್ತದೆ. ಕೊನೆಗೆ ಟೈಪು ಮಾಡಿಸಿದೆ. ಪುಟಕ್ಕೆ 30ರಂತೆ ಚೌಕಾಸಿ ಆಯಿತು. ಅಕ್ಷರ 24 ಪಾಯಿಂಟ್, ಪುಟಕ್ಕೆ ಎರಡೇ ಪದ್ಯ, ಮುರಿದ ಜಾಗದಲ್ಲಿ ಒಂದು ಗೀಟು. ಸ್ಪೈರಲ್ ಬೈಂಡಿಂಗ್ ಮಾಡಿಸಬೇಡಿ. ಬೆರಳಿನ ಗಂಟು ನೋವು ಇದ್ದವರಿಗೆ ತಿರುಗಿಸಲಿಕ್ಕೆ ಆಗುವುದಿಲ್ಲ. ಆಟಿ ತಿಂಗಳ (ಜುಲೈ-ಆಗಸ್ಟಿನ ಹೊತ್ತು) ತೇವಕ್ಕೆ ಹಾಳೆ ಹಾಳೆಗೆ ಅಂಟುತ್ತದೆ. ನಾವು ಹಳೆ ಕ್ಯಾಲೆಂಡರಿನ ರಟ್ಟಿಗೆ ಆ ದಿನದ ಹಾಳೆಯನ್ನು ಬಟ್ಟೆ ಕ್ಲಿಪ್ಪು ಹಾಕಿ ಕೊಡುತ್ತೇವೆ. ಕ್ಲಿಪ್ಪು ಡಜನಿಗೆ 40 ರೂಪಾಯಿ. ಇಡೀ ಗ್ರಂಥ ಟೈಪು ಮಾಡಿಸುವುದು ನಮ್ಮಿಂದ ಆಗುವಂಥದ್ದಲ್ಲ. ಆರಿಸಿದ ಭಾಗ ಮಾತ್ರ ದೊಡ್ಡಕ್ಷರ, ಉಳಿದದ್ದು ಕಣ್ಣು ಚೆನ್ನಾಗಿರುವ ಇಬ್ಬರು ಓದುತ್ತಾರೆ, ಎಲ್ಲರೂ ಹಿಂದಿನಿಂದ ಹೇಳುತ್ತಾರೆ.

ನಿವೃತ್ತ ಮಾಷ್ಟ್ರೊಬ್ಬರು, ನನ್ನ ಹಳೆಯ ಸ್ನೇಹಿತರು, ಶುರುವಿಗೇ ಹೇಳಿದ್ದರು: "ನೋಡಿ, ಮುದುಕರ ಕಣ್ಣಲ್ಲಿ ನೀರು ಬಂದರೆ ಅದು ಭಕ್ತಿ ಅಂತ ತಿಳಿಯಬೇಡಿ, ಪೊರೆ." ಅದನ್ನು ತಮಾಷೆ ಅಂತ ಬಿಡಲಿಲ್ಲ. ಮೊದಲು ಕಣ್ಣು ಪರೀಕ್ಷೆಗೆ ಕಳಿಸಿದೆ. ನಾಲ್ಕೈದು ಜನರಿಗೆ ಆಪರೇಷನ್ ಆಯಿತು. ಅಧ್ಯಾತ್ಮ ಮಾಡಲಿಕ್ಕೆ ಹೊರಟವರು ಮೊದಲು ಕಣ್ಣು, ಕಿವಿ, ಕಮೋಡು ನೋಡಿ. ಕಮೋಡು ಇಲ್ಲದ ಮನೆಯಲ್ಲಿ ಕೂಟ ಇಟ್ಟರೆ ಅರ್ಧ ಜನ ಬರುವುದಿಲ್ಲ, ಕಾರಣವನ್ನೂ ಹೇಳುವುದಿಲ್ಲ. ಕೈ ಊರಿ ಏಳಲಿಕ್ಕೆ ಆಗುವ ಕುರ್ಚಿ ಬೇಕು. ಹೊತ್ತು ಮಧ್ಯಾಹ್ನ ಮೂರೂವರೆ. ಅದಕ್ಕಿಂತ ಮೊದಲು ನಿದ್ದೆ, ಆಮೇಲೆ ಹಾಲು ಕರೆಯುವುದು, ದೀಪ ಹಚ್ಚುವುದು. ಮುಕ್ಕಾಲು ಗಂಟೆಗೆ ಒಂದು ನಿಮಿಷ ಜಾಸ್ತಿ ಇಲ್ಲ.

ಕೂರಿಸುವುದು ಕಿವಿ ನೋಡಿ. ಇದು ನಾನೇ ಕಂಡುಹಿಡಿದದ್ದು, ಸ್ವಲ್ಪ ಜಂಬ ಉಂಟು. ಯಾರಿಗೆ ಯಾವ ಕಿವಿ ಚೆನ್ನಾಗಿದೆ ಅಂತ ಬರೆದಿಟ್ಟುಕೊಂಡು ವೃತ್ತವಾಗಿ ಕುರ್ಚಿ ಹಾಕಿದೆ. ಒಳ್ಳೆಯ ಕಿವಿ ಇರುವ ಕಡೆಗೆ ಸ್ವರ ಗಟ್ಟಿ ಇದ್ದವರು. ಈ ಲೆಕ್ಕದಲ್ಲಿ ಇಬ್ಬರು ದಾಯಾದಿಗಳು ಪಕ್ಕಪಕ್ಕ ಬಂದರು. ಒಂದೇ ಸುರಂಗದ ನೀರಿಗೆ ಜಗಳ ಮಾಡಿ ಹತ್ತು ಹದಿನೈದು ವರ್ಷ ಮಾತು ಬಿಟ್ಟವರು. ನಮ್ಮ ಕಡೆ ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದ ನೀರು ಅಂದರೆ ಆಸ್ತಿ ಪತ್ರಕ್ಕಿಂತ ದೊಡ್ಡದು, ನಿಮಗೆ ಹೇಳಬೇಕಾಗಿಲ್ಲ. ಒಬ್ಬರದ್ದು ಎಡಗಿವಿ, ಇನ್ನೊಬ್ಬರದ್ದು ಬಲಗಿವಿ, ಬೇರೆ ಕಡೆ ಕೂರಿಸಿದರೆ ಇಬ್ಬರಿಗೂ ಕೇಳುವುದಿಲ್ಲ. ಇವರು ಅರ್ಧ ಸಾಲು ಹೇಳಬೇಕು, ಅವರು ಉಳಿದರ್ಧ ಮುಗಿಸಬೇಕು. ಮೊದಲ ವಾರ ಅವರು ಮುಗಿಸಲೇ ಇಲ್ಲ, ಸಾಲು ನೇತಾಡುತ್ತಿತ್ತು. ನಾನು ಸುಮ್ನೆ ಕೂತೆ. ನಾಲ್ಕೈದು ತಿಂಗಳು ಹೋಯಿತು. ಈಗಲೂ ಇಬ್ಬರಿಗೂ ಮಾತು ಜಾಸ್ತಿ ಇಲ್ಲ. ಆದರೆ ಪೈಪಿಗೆ ಟೀ ಜಾಯಿಂಟ್ ಬಿದ್ದಿದೆ, ನೀರು ಎರಡು ಟಾಂಕಿಗೂ ಹೋಗುತ್ತದೆ.

ರಾತ್ರಿಯ ಪದ್ಯದ ಕ್ರಮ ಹೀಗೆ. ಪ್ರತಿಯೊಬ್ಬರಿಗೂ ವಾರಕ್ಕೊಂದು ಪದ್ಯ. ಬಾಯಿಪಾಠ ಒಪ್ಪಿಸುವುದು, ಅಂಕ, ಬಹುಮಾನ ಒಂದೂ ಇಲ್ಲ. ಎಚ್ಚರವಾದಾಗ ಹೇಳಿಕೊಳ್ಳುವುದು. ದೀಪ ಹಾಕಬಾರದು, ಹಾಳೆ ನೋಡಬಾರದು. ಎಲ್ಲಿ ಸಿಕ್ಕಿಬಿದ್ದಿರೋ ಅಲ್ಲೇ ಇರಿ, ಮರುದಿನ ಮೂರೂವರೆಗೆ ಕೇಳಿ. ಕೆಲವರಿಗೆ ನಾಲ್ಕನೇ ಕ್ಲಾಸಿನಲ್ಲಿ ಕಲಿತ ಪದ್ಯ ಹೊಸತಕ್ಕಿಂತ ಬೇಗ ಬಂತು. ಒಬ್ಬ ಅಜ್ಜನಿಗೆ ಮಗ್ಗಿ ಬಂತು, ಹದಿನೇಳರ ಮಗ್ಗಿ. ಅದೂ ಆಗಬಹುದು ಅಂದೆ. ಯಾರಿಗೆ ಯಾವ ಪದ್ಯ ಕೊಡುವುದು ಎಂಬುದಕ್ಕೆ ನನ್ನದೊಂದು ಲೆಕ್ಕ ಉಂಟು. ಅದನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ನಮ್ಮವರೇ ಓದಿ, ನನಗೆ ಇದನ್ನು ಯಾಕೆ ಕೊಟ್ಟಿರಿ ಅಂತ ಜಗಳಕ್ಕೆ ಬರುತ್ತಾರೆ.

ಕೋರ್ಟು ಕೇಸು ಇದ್ದ ಭಾವ ಒಬ್ಬರು ಹೇಳಿದ್ದು: "ಮೊದಲು ರಾತ್ರಿ ಎದ್ದರೆ ಕೇಸು ನೆನಪಾಗುತ್ತಿತ್ತು. ಈಗ ಮೂರನೇ ಸಾಲು ನೆನಪಾಗುವುದಿಲ್ಲ." ಇದಕ್ಕೆಲ್ಲ ಅಧ್ಯಾತ್ಮ ಅಂತ ಹೆಸರೇ ಅಂತ ಮಾಷ್ಟ್ರು ಕೇಳಿದರು. ನನಗೆ ವೇದಾಂತ ಚರ್ಚೆ ಬರುವುದಿಲ್ಲ. ವಕೀಲರ ಹತ್ತಿರ ಭಾವ ಹೋಗುವುದು ಕಮ್ಮಿಯಾಗಿದೆ, ನೋಡಿ ಅಂದೆ. ಮಾಷ್ಟ್ರು ಈಗ ಬುಧವಾರ, ಗುರುವಾರ ಬರುತ್ತಾರೆ. ಅವರಿಗೆ ಅರ್ಥ ವಿವರಿಸುವ ಚಪಲ. ಮೂರು ನಿಮಿಷಕ್ಕೆ ಅವರನ್ನು ನಿಲ್ಲಿಸಲಿಕ್ಕೂ ಒಂದು ಉಪಾಯ ಉಂಟು, ಅದೂ ಗುಟ್ಟು.

ನಡುವೆ ಬೇರೆ ಪ್ರಯೋಗಗಳೂ ಆದವು. ಲಿಖಿತ ಜಪಕ್ಕೆ ಪುಸ್ತಕ ಹಂಚಿದೆ, ತಲಾ 25 ರೂಪಾಯಿಯದ್ದು. ಒಬ್ಬರು ಬಾಕಿ ಎಲ್ಲರಿಗಿಂತ ಮೊದಲು ತುಂಬಿಸಿ ತಂದರು, ಅಕ್ಷರ ಮುತ್ತಿನಂತೆ. ವಿಚಾರಿಸಿದರೆ ಮೊಮ್ಮಗನಿಗೆ ಪುಟಕ್ಕೆ 2 ರೂಪಾಯಿ ಕೊಟ್ಟು ಬರೆಸಿದ್ದು. ಮೊಮ್ಮಗನಿಗಾದರೂ ಪುಣ್ಯ ಬರಲಿ ಅಂತ ಬಿಟ್ಟೆವು. ಏಕಾದಶಿಗೆ ಅರ್ಧ ದಿನ ಮೌನ ಅಂತ ಮಾಡಿದಾಗ ಎರಡು ಮನೆಯಲ್ಲಿ ಸೊಸೆಯಂದಿರು ಹೆದರಿದರು, ಮಾವನವರಿಗೆ ಏನೋ ಸಿಟ್ಟು ಬಂದಿದೆ ಅಂತ. ಈಗ ಮೌನ ಮಾಡುವವರು ಹಿಂದಿನ ದಿನವೇ ಮನೆಯಲ್ಲಿ ಹೇಳಬೇಕು. ಮಲಯಾಳ ಮೀಡಿಯಂನಲ್ಲಿ ಕಲಿತ ಮೊಮ್ಮಗಳೊಬ್ಬಳು ಕನ್ನಡ ಪದ್ಯವನ್ನು ಮಲಯಾಳ ಅಕ್ಷರದಲ್ಲಿ ಬರೆದುಕೊಂಡು ಅಜ್ಜಿಗೆ ಓದಿ ಹೇಳುತ್ತಾಳೆ. ಇದು ನಾನು ಯೋಚಿಸಿಯೇ ಇರಲಿಲ್ಲ, ಅವಳದೇ ಬುದ್ಧಿ. ಈಗ ಅಂಥ ಹಾಳೆಗಳು ಐದಾರು ಮನೆಗೆ ಹೋಗುತ್ತವೆ. ಕರ್ಕಟಕ ಮಾಸದಲ್ಲಿ ರಾಮಾಯಣ ಓದುವ ಮಲಯಾಳಿ ನೆರೆಮನೆಯವರು ಎರಡು ಹಾಳೆ ಕೇಳಿ ತೆಗೆದುಕೊಂಡು ಹೋದರು.

ಎಲ್ಲಕ್ಕಿಂತ ಹೆಚ್ಚು ಜನ ಸೇರಿದ್ದು ಪಂಚಾಯತಿನ ಪಾಲಿಯೇಟಿವ್ ನರ್ಸ್, ಅಂದರೆ ಹಾಸಿಗೆ ಹಿಡಿದವರ ನೋವು ಕಮ್ಮಿ ಮಾಡುವ ಆರೈಕೆಯ ನರ್ಸ್, ಬಂದ ದಿನ. ಸಾವಿನ ವಿಷಯ ಪದ್ಯದಲ್ಲಿ ಬಂದರೆ ತಲೆ ಆಡಿಸುತ್ತಿದ್ದವರು ಅವತ್ತು ಬಾಯಿ ಬಿಟ್ಟು ಕೇಳಿದರು. ಕೊನೆಗೆ ನೋವು ಎಷ್ಟಿರುತ್ತದೆ? ಆಸ್ಪತ್ರೆಗೆ ಬೇಡ, ಮನೆಯಲ್ಲೇ ಇರುತ್ತೇನೆ ಅಂದರೆ ಮಕ್ಕಳು ಕೇಳುತ್ತಾರಾ? ಟ್ಯೂಬು ಹಾಕಲೇಬೇಕಾ? ನಾವು ಸಾವಿನ ಭಯ ಅಂತ ಹೇಳುವುದು ಹೆಚ್ಚಾಗಿ ಹಾಸಿಗೆಯ ಭಯ, ಇನ್ನೊಬ್ಬರ ಕೈಗೆ ಬೀಳುವ ಭಯ. ಅದಕ್ಕೆ ಪದ್ಯದಲ್ಲಿ ಉತ್ತರ ಇಲ್ಲ, ನರ್ಸ್ ಹತ್ತಿರ ಇತ್ತು. ಆಕೆ ಮಲಯಾಳದಲ್ಲಿ ಹೇಳಿದ್ದನ್ನು ಬೀಡಿ ಅಕ್ಕ ತುಳುವಿಗೆ ತಿರುಗಿಸಿದರು. ಗೌರವಧನ ಕೊಡಲಿಕ್ಕೆ ಹೋದರೆ ತೆಗೆದುಕೊಳ್ಳಲಿಲ್ಲ, ಎರಡು ಬೊಂಡ (ಎಳನೀರು) ಕುಡಿದು ಹೋದರು.

ಬರಲಾಗದವರ ಮನೆಗೆ ನಾವೇ ಹೋಗುತ್ತೇವೆ, ಶನಿವಾರ, ನಾಲ್ಕೇ ಜನ. ಗೇರು ತೋಟಕ್ಕೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಎಂಬ ಕೀಟನಾಶಕ ಹೊಡೆದ ಕಡೆ ನಮ್ಮದು. ಒಂದು ಮನೆಯಲ್ಲಿ ಅಮ್ಮನಿಗೆ ಎಪ್ಪತ್ತು ದಾಟಿತು, ಮಗಳಿಗೆ ನಲವತ್ತರ ಹತ್ತಿರ, ಹುಟ್ಟಿದಲ್ಲಿಂದ ಹಾಸಿಗೆ. ರಾತ್ರಿ 2 ಗಂಟೆಯ ಪದ್ಯದ ವಿಷಯ ಹೇಳಿದೆ. "ನನಗೆ ಆ ಹೊತ್ತಿಗೆ ಪುರುಸೊತ್ತಿಲ್ಲ ಮಾರಾಯ್ರೆ, ಅವಳ ಮಗ್ಗುಲು ತಿರುಗಿಸಬೇಕು" ಅಂದರು. ನನ್ನ ಬಾಯಿ ಕಟ್ಟಿತು. ಎರಡು ತಿಂಗಳ ಮೇಲೆ ಅವರೇ ಹೇಳಿದರು, ತಿರುಗಿಸುವಾಗ ಈಗ ಪದ್ಯ ಹೇಳುತ್ತಾರಂತೆ. ಉದ್ದದ ಸಾಲು ಎಳೆದು ಹೇಳಿದರೆ ಮಗಳು ನಗುತ್ತಾಳಂತೆ, ಅದಕ್ಕೆ ಬೇಕೆಂದೇ ಎಳೆಯುತ್ತಾರಂತೆ.

ಈಗಿನ ಲೆಕ್ಕ. ತಲೆಗೆ ತಿಂಗಳಿಗೆ 50 ರೂಪಾಯಿ. ಆರೇಳು ಜನರಿಂದ ಶುರುವಾದದ್ದು, ಈಗ ಇಪ್ಪತ್ತರ ಆಸುಪಾಸು ಬರುತ್ತಾರೆ. ಹಾಳೆ, ಟೈಪಿಂಗ್, ಬೆಲ್ಲ-ನೀರು ಸೇರಿ ವರ್ಷಕ್ಕೆ 11-12 ಸಾವಿರ. ದೊಡ್ಡ ಖರ್ಚು ಆಟೋ. ಕಾಲು ಕುಂಟುವ ನಾಲ್ವರಿಗೆ ಬೇಕು. ಮಿನಿಮಂ 30 ರೂಪಾಯಿ, ನಮ್ಮ ಗುಡ್ಡದ ದಾರಿಗೆ ಮಿನಿಮಂನಲ್ಲಿ ಯಾರೂ ಬರುವುದಿಲ್ಲ. ತಿಂಗಳ ಲೆಕ್ಕದಲ್ಲಿ ಒಬ್ಬನೇ ಚಾಲಕನಿಗೆ ವಹಿಸಿದ ಮೇಲೆ ಸ್ವಲ್ಪ ಇಳಿಯಿತು. ಅವನೂ ಒಳಗೆ ಬಂದು ಕೂರುತ್ತಾನೆ, ಅವನಿಗೆ ಒಂದು ಸಂಧಿ ಬಾಯಿಗೆ ಬರುತ್ತದೆ. ಗಲ್ಫ್‌ನಲ್ಲಿರುವ ಮಗ ಒಬ್ಬ ಲಕ್ಷ ಕೊಡುತ್ತೇನೆ, ಕಟ್ಟಡ ಕಟ್ಟಿ ಅಪ್ಪನ ಹೆಸರಿಡಿ ಅಂದ. ಬೇಡ ಅಂದೆ. ಕಟ್ಟಡ ಅಂದರೆ ಸಮಿತಿ, ಸಮಿತಿ ಅಂದರೆ ಅಧ್ಯಕ್ಷರು, ಅಲ್ಲಿಗೆ ಮತ್ತೆ ಸ್ವಾಗತ ಭಾಷಣ. ಕೈ ಇರುವ ಕುರ್ಚಿ ಆರು ಕೊಡಿಸಿದ, ಅದು ಸಾಕು.

ಜೈಮಿನಿ ಮುಗಿದ ಮೇಲೆ ಮುಂದೇನು ಅಂತ ಕೇಳಿದಾಗ ಭಾಮಿನಿಯವರು ಗೆದ್ದರು. ಉದ್ಯೋಗ ಪರ್ವ ಮಾತ್ರ ಅಂತ ಒಪ್ಪಂದ ಆಗಿದೆ. ಮೂರು-ನಾಲ್ಕರ ನಡೆಗೆ ಗೀಟು ಎಲ್ಲಿ ಹಾಕುವುದು ಅಂತ ಇನ್ನೂ ಸರಿಯಾಗಿ ಕೂತಿಲ್ಲ, ಬೀಡಿ ಅಕ್ಕನ ಬೆರಳೂ ಒಪ್ಪುತ್ತಿಲ್ಲ. ಟೈಪು ಮಾಡಿದ ಜೈಮಿನಿಯ ಹಾಳೆ ಬೇಕಿದ್ದವರು ಬಂದು ಝೆರಾಕ್ಸ್ ಮಾಡಿಸಿಕೊಳ್ಳಬಹುದು, ದುಡ್ಡು ಬೇಡ. ಸೋಮವಾರದಿಂದ ಗುರುವಾರ, ಮೂರೂವರೆಗೆ. ಆಟಿಯಲ್ಲಿ ಬರಬೇಡಿ, ನಮ್ಮ ದಾರಿಯಲ್ಲಿ ಕಾರು ಹೂತುಹೋಗುತ್ತದೆ. ಕನ್ನಡಕ ನಿಮ್ಮದೇ ತನ್ನಿ.